ಪಾತ್ರೆಯೂ ಪದವೂ

ಒಂದು ನಾಡಿನ ಸಂಸ್ಕೃತಿಯನ್ನು ಅರಿಯಬೇಕಾದರೆ ಅದರ ಗುಡಿಗೋಪುರಗಳನ್ನೂ ಕೋಟೆಕೊತ್ತಲಗಳನ್ನೂ ಕಂಡರೆ ಸಾಲದು. ಅದರ ಅಡುಗೆಮನೆಯನ್ನೂ ಕಾಣಬೇಕು. ಚಿತ್ತವಾಡ್ಗಿಯವರಾದ ನಮಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹಂಪಿಯ ನೆರೆಹೊರೆಯಲ್ಲಿರುವ ನಾವು ಕಲ್ಲಿನ ವೈಭವವನ್ನು ಹುಟ್ಟಿದಂದಿನಿಂದ ಕಾಣುತ್ತ ಬಂದವರು. ಆದರೆ ಆ ಮಹಾಪಟ್ಟಣದ ಜನ ಎಂತಹ ತಂಬಿಗೆಯಲ್ಲಿ ನೀರು ಕುಡಿದರು, ಎಂತಹ ಹಂಡೆಯಲ್ಲಿ ನೀರು ಕಾಯಿಸಿದರು ಎಂದು ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿರುವುದು ಅತ್ಯಲ್ಪ.

ಹಂಪಿಯಲ್ಲಿ ಭೋಜನಶಾಲೆಯೆಂದು ಕರೆಯುವೆಡೆಯಲ್ಲಿ ನೀರಿನ ಕಾಲುವೆಯ ಇಕ್ಕೆಲಗಳಲ್ಲಿ ಕಲ್ಲಿನ ತಟ್ಟೆಗಳು ಇಂದಿಗೂ ಸಾಲಾಗಿವೆ. ಪಲ್ಯ ಸಾರುಗಳಿಗೆಂದು ಬಟ್ಟಲಿನಾಕಾರದ ಕುಳಿಗಳನ್ನು ಆ ತಟ್ಟೆಗಳಲ್ಲಿಯೇ ಕೊರೆಯಲಾಗಿದೆ. 16ನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸನಾದ ನೂನಿಜ್, ಅರಮನೆಯ ಬಟ್ಟಲು ಹೂಜಿಗಳೆಲ್ಲ ಬೆಳ್ಳಿಬಂಗಾರದವೆಂದು ಬರೆದಿದ್ದಾನೆ. 1565ರ ಯುದ್ಧಾನಂತರದ ಸೂರೆಯಲ್ಲಿ ಸಂಪತ್ತೆಲ್ಲ ಚದುರಿಹೋಯಿತು. ಕಲ್ಲಿನ ತಟ್ಟೆ ಮಾತ್ರ ನಿಂತಲ್ಲಿಯೇ ನಿಂತಿತು. ಕಲ್ಲನ್ನು ಕರಗಿಸಿ ಮಾರಲಾಗದು. ಲೋಹಕ್ಕಾದರೋ ಅದರ ಬೆಲೆಯೇ ಮೃತ್ಯು. 1972ರಲ್ಲಿ ತೆರೆದ ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ತಾಮ್ರಪಟಗಳನ್ನೂ ಪೂಜೆಯ ಲೋಹಪಾತ್ರೆಗಳನ್ನೂ ನೋಡುವಾಗ ಈ ಮಾತು ಮನಸ್ಸಿಗೆ ಬಾರದಿರದು. ದೇವರ ಮುಂದಿನ ಪಾತ್ರೆಗೆ ಭಕ್ತಿಯ ಕಾವಲಿತ್ತು. ಒಲೆಯ ಮೇಲಿನ ಪಾತ್ರೆಗೆ ಅಂತಹ ಕಾವಲು ಎಲ್ಲಿಯದು?

ಈಗ ನಮ್ಮ ಮನೆಗಳಲ್ಲಿ ನಡೆದಿರುವುದಾದರೂ ಅದೇ. ಇದಕ್ಕೆ ಯುದ್ಧ ಬೇಕಾಗಲಿಲ್ಲ, ಒಂದು ತಕ್ಕಡಿ ಸಾಕಾಯಿತು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ಗಂಗಾಳ ಇವೆಲ್ಲ ಕಿಲೋ ಲೆಕ್ಕದಲ್ಲಿ ತೂಗಿ ಹಳೆಯ ಸಾಮಾನಿನ ಅಂಗಡಿ ಸೇರಿದವು. ಸ್ಟೀಲು ಅಲ್ಯೂಮಿನಿಯಂ ಪಾತ್ರೆಗಳು ಅವುಗಳ ಸ್ಥಾನಕ್ಕೆ ಬಂದವು. ಇದಕ್ಕಾಗಿ ಗೃಹಿಣಿಯರನ್ನು ದೂರುವುದು ನ್ಯಾಯವಲ್ಲ. ತುಂಬಿದ ಕೊಪ್ಪರಿಗೆಯನ್ನು ಇಳಿಸಿದ ಸೊಂಟಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೈಗಳಿಗೂ ಗೊತ್ತು ಆ ಪಾತ್ರೆಗಳ ಭಾರ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಪದಾರ್ಥವಿಟ್ಟರೆ ಕಿಲುಬು ಏಳುತ್ತದೆ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಬಟ್ಟೆಯಿಂದ ಒಳಮೈಗೆಲ್ಲ ಸವರುತ್ತಿದ್ದ ಕಲಾಯಿಯವನು ಓಣಿಗೆ ಬರುವುದು ವಿರಳವಾದ ಮೇಲೆ ಪಾತ್ರೆ ಅಟ್ಟ ಸೇರಿತು. ಅಟ್ಟದಿಂದ ಅಂಗಡಿಗೆ ಬಹಳ ದೂರವಿಲ್ಲ. ಹಳೆಯ ಅಡುಗೆಮನೆಯನ್ನು ಮರಳಿ ತನ್ನಿರೆಂಬುದು ಈ ಲೇಖನದ ಆಶಯವಲ್ಲ.

ನನ್ನ ಚಿಂತೆ ಬೇರೆ. ಪಾತ್ರೆ ಹೋದಾಗ ಅದರೊಡನೆ ಪದವೂ ಹೋಗುತ್ತದೆ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಂತಹ ಕೋಶಗಳು ಪದದ ಅರ್ಥವನ್ನು ಹೇಳಬಲ್ಲವು. ಅದರ ಭಾರವನ್ನಾಗಲಿ ನಾದವನ್ನಾಗಲಿ ಕೊಡಲಾರವು. "ಸೇರಿಗೆ ಸವಾಸೇರು" ಎಂಬ ಗಾದೆಯನ್ನು ತರಗತಿಯಲ್ಲಿ ಹೇಳುತ್ತೇವೆ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಫಲವಾಗಿ ಪೇಟೆಯಿಂದ ಸೇರು, ಪಾವು, ಚಟಾಕುಗಳು ಮರೆಯಾದವು. ಸೇರನ್ನೇ ಕಾಣದ ಮಗುವಿಗೆ ಅದರ ಮೇಲಿನ ಕಾಲು ಭಾಗದ ಸೊಗಸು ತಿಳಿಯುವುದು ಹೇಗೆ? "ಕಂಚಿನ ಕಂಠ" ಎನ್ನುತ್ತೇವೆ. ಹಿತ್ತಾಳೆ ತಾಮ್ರ ಸತುವುಗಳ ಮಿಶ್ರಣ; ಕಂಚು ತಾಮ್ರ ತವರಗಳದು. ಕಂಚಿನ ಬಟ್ಟಲನ್ನು ಬೆರಳಿನಿಂದ ಮೀಟಿ, ಆ ನಾದ ನಿಧಾನವಾಗಿ ಅಡಗುವುದನ್ನು ಒಮ್ಮೆ ಕೇಳಿದವನಿಗೆ ಈ ನುಡಿಗಟ್ಟಿಗೆ ವ್ಯಾಖ್ಯಾನವೇ ಬೇಡ. ಪಾತ್ರೆಯೇ ಪದಕ್ಕೆ ಟೀಕೆ.

ಇನ್ನೊಂದು ಸಂಗತಿಯಿದೆ. ಮದುವೆಯ ಉಡುಗೊರೆಯ ತಂಬಿಗೆಯ ಕಂಠದಲ್ಲಿ, ಮಠದ ದಾಸೋಹಕ್ಕೆ ಭಕ್ತರು ಒಪ್ಪಿಸಿದ ಕೊಪ್ಪರಿಗೆಯ ಅಂಚಿನಲ್ಲಿ, ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳನ್ನು ನಾವೆಲ್ಲ ಕಂಡಿದ್ದೇವೆ. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ವರ್ಷ: ಇದು ಬಡವರ ದಾನಶಾಸನವಲ್ಲದೆ ಮತ್ತೇನು? ಅರಸರ ಶಿಲಾಶಾಸನ ತಾಮ್ರಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬಿ. ಎಲ್. ರೈಸರು ಕಾಪಾಡಿಕೊಟ್ಟರು. ಕೊಪ್ಪರಿಗೆಯ ಶಾಸನಗಳಿಗೆ ರೈಸರಾಗುವವರು ಯಾರು?

ಇಂತಹ ವಸ್ತುಗಳನ್ನು ಆದರದಿಂದ ಕೂಡಿಟ್ಟವರು ಇಲ್ಲದಿಲ್ಲ. ಪುಣೆಯಲ್ಲಿ ದಿನಕರ ಕೇಳಕರರು ದೀಪ, ಅಡಕೊತ್ತು, ಪಾತ್ರೆಗಳನ್ನು ಆಯುಷ್ಯವೆಲ್ಲ ಸಂಗ್ರಹಿಸಿ, ತೀರಿಹೋದ ಮಗ ರಾಜನ ಹೆಸರಿನಲ್ಲಿ ನಾಡಿಗೆ ಅರ್ಪಿಸಿದರು. ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲರು 1981ರಲ್ಲಿ ಪಾತ್ರೆಗಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದರು. ನಮ್ಮಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಗ್ರಾಮೀಣರ ಮನೆವಾರ್ತೆಯ ವಸ್ತುಗಳಿಗೂ ನೆಲೆಯಾಯಿತು. ಆದರೆ ಗಾಜಿನ ಪೆಟ್ಟಿಗೆಯೊಳಗೆ "ಹಿತ್ತಾಳೆ ಪಾತ್ರೆ" ಎಂಬ ಚೀಟಿಯೊಂದನ್ನೇ ಅಂಟಿಸಿ ಸುಮ್ಮನಾಗುವ ಸಂಗ್ರಹಾಲಯ, ವಸ್ತುವನ್ನು ಉಳಿಸಿ ಅದರ ಜೀವವನ್ನು ಕೈಬಿಟ್ಟಂತೆಯೇ ಸರಿ.

ಆದುದರಿಂದ ಶಿಕ್ಷಕಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಶಾಲೆಯಲ್ಲಿ ಒಂದು ಕೊಠಡಿ ಇದಕ್ಕಾಗಿ ಮೀಸಲಾಗಲಿ. ಮಾರಬೇಕೆಂದಿರುವ ಪಾತ್ರೆಯೊಂದನ್ನು ಪ್ರತಿ ಮನೆಯವರೂ ಇತ್ತ ಕಳುಹಿಸಲಿ. ವಿದ್ಯಾರ್ಥಿಗಳು ಅಜ್ಜಿಯರನ್ನು ಕೇಳಿ ಅದರ ಹೆಸರನ್ನು ನಮ್ಮ ಸೀಮೆಯ ಮಾತಿನಲ್ಲಿಯೇ ಬರೆದಿಡಲಿ: ಒಬ್ಬರ ಚೆಂಬು ಮತ್ತೊಬ್ಬರಿಗೆ ತಂಬಿಗೆ, ಮಗದೊಬ್ಬರಿಗೆ ಚರಿಗೆ. ಯಾವ ಲೋಹ, ಎಷ್ಟು ತೂಕ, ಅದರಲ್ಲಿ ಏನನ್ನು ಬೇಯಿಸುತ್ತಿದ್ದರು, ಎಷ್ಟು ಜನಕ್ಕೆ ಬಡಿಸುತ್ತಿದ್ದರು, ಅದರ ಮೇಲೆ ಯಾರ ಹೆಸರಿದೆ ಎಂಬುದೆಲ್ಲ ದಾಖಲಾಗಲಿ. ಹೊಳಪಿನ ಆಸೆಯಿಂದ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಬೇಡ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ.

1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಇಂತಹ ವಸ್ತು ಪ್ರಾಚ್ಯವೆನಿಸಿಕೊಳ್ಳಲು ನೂರು ವರ್ಷ ತುಂಬಬೇಕು. ಎಪ್ಪತ್ತನೆಯ ವರ್ಷದಲ್ಲಿಯೇ ಕುಲುಮೆ ಸೇರಿದ ಹಂಡೆಗೆ ಆ ಯೋಗ ಬರುವುದೇ ಇಲ್ಲ. ಅದನ್ನು ನೂರರವರೆಗೆ ನಡೆಸಿಕೊಂಡು ಹೋಗುವ ಹೊಣೆ ಸರಕಾರದ್ದಲ್ಲ, ನಮ್ಮದು. ಸಂಸ್ಕೃತದಲ್ಲಿ ಪಾತ್ರವೆಂದರೆ ಪಾತ್ರೆಯೂ ಹೌದು, ದಾನಕ್ಕೆ ಅರ್ಹನಾದವನೂ ಹೌದು. ಶಾಲೆಗಿಂತ ಮಿಗಿಲಾದ ಸತ್ಪಾತ್ರವನ್ನು ನಮ್ಮ ಹಿರಿಯರ ಪಾತ್ರೆಗಳಿಗೆ ನಾನಂತೂ ಕಾಣೆ.