ಹತ್ತಕ್ಕೆ ಎಷ್ಟು ಅಂಕ?

ಕಳೆದ ತಿಂಗಳು ನಮ್ಮ ಬೀದಿಯ ಪಿ.ಯು.ಸಿ. ಹುಡುಗಿಯೊಬ್ಬಳು ಭೌತಶಾಸ್ತ್ರದ ಲೆಕ್ಕ ಕೇಳಲು ಬಂದಿದ್ದಳು. ಪುಸ್ತಕ ತೆರೆಯುವ ಮೊದಲೇ ಅಪ್ಪನ ವಿಷಯ ತೆಗೆದಳು. "ಸರ್, ಅಪ್ಪನಿಗೆ ಶುಗರ್ ಅಂಚಿನಲ್ಲಿದೆಯಂತೆ. ದಿನಾ ಒಂದು ಗಂಟೆ ನಡೀರಿ ಅಂತ ಡಾಕ್ಟರು ಹೇಳಿದ್ದಾರೆ. ಎರಡು ದಿನ ಹೋದರು. ಮೂರನೇ ದಿನ ಮಳೆ, ನಾಲ್ಕನೇ ದಿನ ಸುಸ್ತು. ಈಗ ನಾನು ಬಾಯಿ ತೆರೆದರೆ ರೇಗುತ್ತಾರೆ." ಅವಳ ಕಣ್ಣು ತುಂಬಿತ್ತು. ಇದೇ ಕಾಯಿಲೆಯಿಂದ ಅಜ್ಜನ ಕಾಲಿನ ಬೆರಳು ತೆಗೆಸಿದ್ದನ್ನು ಅವಳು ಕಂಡಿದ್ದಾಳೆ.

ಈ ಜಗಳ ಯಾವ ಮನೆಯಲ್ಲಿಲ್ಲ ಹೇಳಿ? ಮಗಳು ಅಪ್ಪನಿಗೆ "ನಡೀರಿ" ಎನ್ನುತ್ತಾಳೆ, ಅಪ್ಪ ಮಗಳಿಗೆ "ಓದು" ಎನ್ನುತ್ತಾನೆ. ಇಬ್ಬರ ಮಾತೂ ಸರಿಯೇ. ಆದರೂ ಇಬ್ಬರೂ ಕೇಳುವುದಿಲ್ಲ!

ಹೇಳಿದ ಮಾತು ನಡತೆಯಾಗುವುದು ಹೇಗೆ ಎಂಬುದನ್ನು ವಿಶ್ವವಿದ್ಯಾಲಯಗಳು ಬಹಳ ವರ್ಷಗಳಿಂದ ಪರೀಕ್ಷಿಸುತ್ತಿವೆ. ಅಮೆರಿಕದ 27 ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಈ ಎರಡೂ ಗುಂಪಿಗೆ "ನಡೆಯಿರಿ, ತೂಕ ಇಳಿಸಿ" ಎಂಬ ಸಾಮಾನ್ಯ ಸಲಹೆಯೂ ಸಿಕ್ಕಿತ್ತು. ಮೂರನೆಯ ಗುಂಪಿಗೆ ಮಾತ್ರೆಯಿಲ್ಲ. ಬದಲಿಗೆ ಪ್ರತಿಯೊಬ್ಬರ ಜೊತೆಗೂ ಕುಳಿತು ಮಾತನಾಡುವ ಒಬ್ಬ ಮಾರ್ಗದರ್ಶಿ, 16 ಪಾಠಗಳು. ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ನಡಿಗೆ, ಇಷ್ಟೇ ಗುರಿ. ತಿಂದದ್ದನ್ನೂ ನಡೆದದ್ದನ್ನೂ ಬರೆದಿಡಬೇಕಿತ್ತು.

ಸರಾಸರಿ ಮೂರು ವರ್ಷಕ್ಕೆ ತುಸು ಕಡಿಮೆ ಅವಧಿಯ ನಂತರ ನೋಡಿದರೆ, ಹುಸಿ ಮಾತ್ರೆಯವರಿಗೆ ಹೋಲಿಸಿದಾಗ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಕಾಯಿಲೆ ಬರುವುದು ಶೇಕಡಾ 31ರಷ್ಟು ಕಡಿಮೆಯಾಗಿತ್ತು. ಮೂರನೆಯ ಗುಂಪಿನಲ್ಲಿ ಶೇಕಡಾ 58ರಷ್ಟು! ಗಮನಿಸಿ, ಸಲಹೆ ಎಲ್ಲರಿಗೂ ಸಿಕ್ಕಿತ್ತು. ಜೊತೆಗಾರ ಸಿಕ್ಕಿದ್ದು ಒಂದೇ ಗುಂಪಿಗೆ.

ಜೊತೆಗಾರ ಮಾಡಬೇಕಾದುದೇನು? ಇದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ಲೋರಿಗ್ ಅವರು ರೂಪಿಸಿದ ಪಾಠಕ್ರಮ ಒಳ್ಳೆಯ ದಾರಿ ತೋರಿಸುತ್ತದೆ. ಹೃದಯ, ಶ್ವಾಸಕೋಶ, ಕೀಲುನೋವಿನಂಥ ದೀರ್ಘಕಾಲದ ಕಾಯಿಲೆಯವರು ವಾರಕ್ಕೊಮ್ಮೆ ಎರಡೂವರೆ ಗಂಟೆ, ಆರು ವಾರ ಸೇರುತ್ತಾರೆ. ಪಾಠ ನಡೆಸುವವರು ಹೆಚ್ಚಾಗಿ ಡಾಕ್ಟರಲ್ಲ, ತರಬೇತಿ ಪಡೆದ ರೋಗಿಗಳೇ. ಪ್ರತಿಯೊಬ್ಬರೂ ಮುಂದಿನ ವಾರ ತಾವು ಏನು, ಎಷ್ಟು, ಯಾವಾಗ, ಎಷ್ಟು ದಿನ ಮಾಡುತ್ತೇವೆಂದು ಹೇಳಬೇಕು. ಆಮೇಲೆ ಒಂದು ಪ್ರಶ್ನೆ: "ಮಾಡಿಯೇ ತೀರುತ್ತೇನೆಂಬ ನಂಬಿಕೆ ಹತ್ತಕ್ಕೆ ಎಷ್ಟು?" ಏಳಕ್ಕಿಂತ ಕಡಿಮೆ ಬಂದರೆ ರೋಗಿಯನ್ನು ಬೈಯುವುದಿಲ್ಲ, ಯೋಜನೆಯನ್ನು ತಿದ್ದುತ್ತಾರೆ. ಇದರ ಹಿಂದೆ ಅದೇ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ವಿಚಾರವಿದೆ: "ನನ್ನಿಂದಾಗುತ್ತದೆ" ಎಂಬ ನಂಬಿಕೆ ಸಣ್ಣ ಸಣ್ಣ ಗೆಲುವುಗಳಿಂದ ಬೆಳೆಯುತ್ತದೆ. 952 ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಪಾಠಕ್ಕೆ ಬಂದವರಲ್ಲಿ ವ್ಯಾಯಾಮ ಹೆಚ್ಚಿತ್ತು, ಆಸ್ಪತ್ರೆ ವಾಸ ಕಡಿಮೆಯಾಗಿತ್ತು.

ಇದೆಲ್ಲ ಹೊರದೇಶದ ಮಾತು ಎನ್ನಬೇಡಿ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೊಡನೆ ಸೇರಿ, ಸಕ್ಕರೆಯ ಅಂಚಿನಲ್ಲಿದ್ದ 537 ಗಂಡಸರನ್ನು ಎರಡು ವರ್ಷ ಗಮನಿಸಿದರು. ಅರ್ಧದಷ್ಟು ಜನರಿಗೆ ಆಗಾಗ ಮೊಬೈಲಿನಲ್ಲಿ ನೆನಪಿನ ಸಂದೇಶ ಹೋಗುತ್ತಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂದೇಶ ಬಾರದವರಲ್ಲಿ ನೂರಕ್ಕೆ 27 ಮಂದಿಗೆ ಕಾಯಿಲೆ ಬಂದರೆ, ಬಂದವರಲ್ಲಿ 18 ಮಂದಿಗೆ ಮಾತ್ರ.

ಇದನ್ನು ಆ ಹುಡುಗಿಗೆ ಹೇಳಿ, "ಅಪ್ಪನಿಗೆ ಉಪದೇಶ ಬೇಡಮ್ಮ, ಅಂಕ ಕೇಳು" ಎಂದೆ. ವಾರ ಕಳೆದು ಬಂದಳು. ದಿನಾ ಒಂದು ಗಂಟೆ ನಡಿಗೆಗೆ ಅಪ್ಪ ತನಗೆ ತಾನೇ ಕೊಟ್ಟುಕೊಂಡ ಅಂಕ ಮೂರು! ವಾರಕ್ಕೆ ನಾಲ್ಕು ದಿನ, ಸಂಜೆ ಇಪ್ಪತ್ತು ನಿಮಿಷ, ಮಗಳೂ ಜೊತೆಗೆ ಬಂದರೆ ಎಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರ ಮೂರು ಗುರುತು ಬಿದ್ದಿವೆ. ನಾಲ್ಕಲ್ಲ, ಮೂರು. ಇರಲಿ, ಸೊನ್ನೆಯಲ್ಲವಲ್ಲ! ನಿಮಿಷಗಳನ್ನು ನಿಧಾನವಾಗಿ ಏರಿಸಬಹುದು. ಹಾಗೆಂದು ಡಾಕ್ಟರ ಮಾತ್ರೆ, ರಕ್ತಪರೀಕ್ಷೆ ಬಿಡುವಂತಿಲ್ಲ ಎಂದೂ ಹೇಳಿ ಕಳಿಸಿದೆ.

ತಂದೆತಾಯಿಯರೇ, ಮಕ್ಕಳ ಓದಿಗೂ ಇದನ್ನೇ ಮಾಡಿ ನೋಡಿ. "ದಿನಾ ಆರು ಗಂಟೆ ಓದು" ಎನ್ನುವ ಮೊದಲು, "ಆಗುತ್ತದೆಯೇನಪ್ಪಾ, ಹತ್ತಕ್ಕೆ ಎಷ್ಟು?" ಎಂದು ಕೇಳಿ. ಉತ್ತರ ನಾಲ್ಕೆಂದು ಬಂದರೆ ಸಿಟ್ಟಾಗಬೇಡಿ. ಮಗು ನಿಮಗೆ ನಿಜ ಹೇಳಿದೆ.