ಹಂಚಿಕೆಗೆ ಮೂರು ಬಾಗಿಲು

ಗದಗ ಸೀಮೆಗೆ ಹಂಚಿಕೊಂಡು ಬಾಳುವ ವಿದ್ಯೆ ಹೊಸದಲ್ಲ. ಕುರ್ತಕೋಟಿ ಇರುವ ಗದಗ ತಾಲೂಕಿನಲ್ಲಿಯೇ ಕಣಗಿನಹಾಳವೆಂಬ ಗ್ರಾಮವುಂಟು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸ್ಥಾಪಿಸಿದ ಸಹಕಾರಿ ಪತ್ತಿನ ಸಂಘವು ನಮ್ಮ ದೇಶದ ಸಹಕಾರಿ ಚಳುವಳಿಯ ಇತಿಹಾಸದ ಮೊದಲ ಪುಟಗಳಲ್ಲಿಯೇ ಸ್ಥಾನ ಪಡೆದಿದೆ. ಹತ್ತು ಜನರ ಹಣ ಒಂದೆಡೆ ಕೂಡಿ, ಬೇಕಾದವರಿಗೆ ಬೇಕಾದಾಗ ಒದಗುವುದೇ ಸಹಕಾರ. ಹಾಗೆಂದು ಸಂಘದ ತಿಜೋರಿಯನ್ನು ಊರ ಅಗಸಿಯಲ್ಲಿ ತೆರೆದಿಡುವುದನ್ನು ಯಾವ ಸಹಕಾರಿಯೂ ಒಪ್ಪಲಾರನು. ಸದಸ್ಯನ ಹೆಸರು ಪುಸ್ತಕದಲ್ಲಿರಬೇಕು. ಅವನಿಗೆ ಎಷ್ಟು ಸಲ್ಲಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಹಂಚುವುದು ಬೇರೆ, ಹರವಿಡುವುದು ಬೇರೆ.

ಈ ಭೇದವನ್ನು ನೆನೆಯಬೇಕಾದ ಪ್ರಸಂಗವು ಈಗ ಮನೆಮನೆಗೂ ಬಂದಿದೆ. ಕುರ್ತಕೋಟಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಪಡಸಾಲೆಯಲ್ಲಿ ತಂದೆಯ ಗಣಕಯಂತ್ರ. ಅದಕ್ಕೆ ತಂತಿಯಿಂದ ಜೋಡಿಸಿದ ಪ್ರಿಂಟರ್. ಮಾಳಿಗೆಯ ಕೋಣೆಯಲ್ಲಿ ಕಾಲೇಜಿಗೆ ಹೋಗುವ ಮಗಳ ಲ್ಯಾಪ್‌ಟಾಪ್. ಅರ್ಜಿಯ ಗಡುವು ಸಂಜೆಗೆ ಮುಗಿಯುತ್ತದೆ. ಮಾಳಿಗೆಯಿಂದ ಕೂಗು ಕೇಳಿಬರುತ್ತದೆ: “ಅಪ್ಪಾ, ಪ್ರಿಂಟರ್ ಕಾಣವಲ್ದು!” ಕೆಳಗಿನಿಂದ ಉತ್ತರ: “ಇಲ್ಲೇ ಐತಲ್ಲವಾ, ನನ್ನ ಕಣ್ಣ ಮುಂದನ ಕುಂತೈತಿ!” ಇಬ್ಬರ ಮಾತೂ ನಿಜವೇ. ತಂದೆಯ ಕಣ್ಣಿಗೆ ಕಾಣುವ ಯಂತ್ರವು ಮಗಳ ಗಣಕಕ್ಕೆ ಕಾಣಬೇಕಾದರೆ ನಡುವೆ ಮೂರು ಬಾಗಿಲುಗಳು ತೆರೆದಿರಬೇಕು: ದಾರಿ, ಹೆಸರು, ಅನುಮತಿ. ಯಾವ ಬಾಗಿಲು ಮುಚ್ಚಿದೆಯೆಂದು ನೋಡದೆ ಮೂರನ್ನೂ ಒಮ್ಮೆಲೆ ಒದೆಯುವುದರಿಂದಲೇ ಮನೆಯ ನೆಮ್ಮದಿ ಕೆಡುತ್ತದೆ.

ಮೊದಲನೆಯದು ದಾರಿ. ಎರಡು ಗಣಕಗಳೂ ಒಂದೇ ರೂಟರಿನ ಜಾಲದಲ್ಲಿರಬೇಕು. ಮಗಳು ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಕೊಂಡಿದ್ದರೆ ಅವಳು ಬೇರೊಂದು ಓಣಿಯಲ್ಲಿರುವಳೆಂದೇ ಅರ್ಥ. ಕೆಲವು ರೂಟರುಗಳಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ವೈಫೈ ಇರುತ್ತದೆ. ಅಲ್ಲಿಂದ ಅಂತರಜಾಲ ದೊರೆತರೂ ಮನೆಯ ಇತರ ಯಂತ್ರಗಳು ಸಾಮಾನ್ಯವಾಗಿ ದೊರೆಯವು. ತಂದೆಯ ಗಣಕ ನಿದ್ರಿಸುತ್ತಿದ್ದರೆ ಅದಕ್ಕೆ ಕಟ್ಟಿದ ಪ್ರಿಂಟರೂ ಇಲ್ಲದಂತೆಯೇ ಸರಿ. ಇನ್ನು ವಿದ್ಯುತ್ತು ಹೋಗಿ ಬರುವ ನಮ್ಮ ಊರುಗಳಲ್ಲಿ ಮತ್ತೊಂದು ತೊಡಕುಂಟು. ರೂಟರು ಪ್ರತಿಯೊಂದು ಯಂತ್ರಕ್ಕೂ ತಾತ್ಕಾಲಿಕವಾಗಿ ಒಂದು ಅಂಕೆಯ ವಿಳಾಸವನ್ನು ಕೊಟ್ಟಿರುತ್ತದೆ. ಅದು ಮರಳಿ ಹೊತ್ತಿಕೊಂಡಾಗ ನಿನ್ನೆಯ ವಿಳಾಸವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಹಳೆಯ ಅಂಕೆಯನ್ನೇ ನಂಬಿದ ಲ್ಯಾಪ್‌ಟಾಪ್, ಮನೆ ಬದಲಿಸಿದವರ ಹಳೆಯ ಬಾಗಿಲನ್ನು ತಟ್ಟುತ್ತ ನಿಲ್ಲುತ್ತದೆ. ಪ್ರಿಂಟರ್ ಇರುವ ಗಣಕಕ್ಕೆ ಒಂದೇ ವಿಳಾಸವನ್ನು ಕಾಯ್ದಿರಿಸುವಂತೆ ರೂಟರಿನಲ್ಲಿ ಏರ್ಪಡಿಸುವುದೇ ಇದಕ್ಕೆ ಮದ್ದು.

ದಾರಿ ಸರಿಯಿದೆಯೇ ಎಂದು ತಿಳಿಯಲು ಪಿಂಗ್ ಎಂಬ ಸರಳ ಪರೀಕ್ಷೆಯುಂಟು. ಆಚೆಯ ಗಣಕದ ವಿಳಾಸಕ್ಕೆ ಪಿಂಗ್ ಮಾಡಿದಾಗ ಪ್ರತ್ಯುತ್ತರ ಬಂದರೆ ದಾರಿ ಇದೆ. ಬಾರದಿದ್ದರೆ, ಆ ಗಣಕದ ಕಾವಲುಗಾರನಾದ ಫೈರ್‌ವಾಲ್ ತಡೆದಿರಲೂಬಹುದು. ಈ ಕಾವಲುಗಾರನನ್ನು ಮನೆಯಿಂದ ಹೊರಗಟ್ಟುವ ಅಗತ್ಯವಿಲ್ಲ. ವಿಂಡೋಸ್ ವ್ಯವಸ್ಥೆಯು ಪ್ರತಿ ಜಾಲವನ್ನೂ ‘ಸಾರ್ವಜನಿಕ’ ಇಲ್ಲವೆ ‘ಖಾಸಗಿ’ ಎಂದು ಗುರುತಿಸುತ್ತದೆ. ಮನೆಯ ಜಾಲವು ತಪ್ಪಿ ಸಾರ್ವಜನಿಕವೆಂದು ದಾಖಲಾಗಿದ್ದರೆ, ಗಣಕವು ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಪ್ರಯಾಣಿಕನಂತೆ ತನ್ನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಖಾಸಗಿಯೆಂದು ಬದಲಿಸಿ, ಫೈಲು ಮತ್ತು ಪ್ರಿಂಟರ್ ಹಂಚಿಕೆಗೆ ಒಪ್ಪಿಗೆ ಕೊಟ್ಟರೆ ಕಾವಲುಗಾರನು ಮನೆಯವರಿಗಷ್ಟೇ ದಾರಿ ಬಿಡುತ್ತಾನೆ.

ಎರಡನೆಯದು ಹೆಸರು. ಪ್ರತಿ ಗಣಕಕ್ಕೂ ಒಂದು ಹೆಸರುಂಟು. ಹಂಚಿದ ಫೋಲ್ಡರಿಗೂ ಪ್ರಿಂಟರಿಗೂ ಒಂದೊಂದು ಹೆಸರುಂಟು. ಜಾಲದ ಪಟ್ಟಿಯಲ್ಲಿ ಹೆಸರು ಕಾಣದ ಮಾತ್ರಕ್ಕೆ ಯಂತ್ರವೇ ಇಲ್ಲವೆಂದು ನಿರ್ಧರಿಸಬಾರದು. ಎರಡು ಓರೆಗೀಟುಗಳನ್ನು ಹಾಕಿ ಗಣಕದ ಹೆಸರನ್ನು ನೇರವಾಗಿ ಬರೆದು ನೋಡಬೇಕು. ಹೆಸರಿಗೆ ಓಗೊಡದೆ ಅಂಕೆಯ ವಿಳಾಸಕ್ಕೆ ಓಗೊಟ್ಟರೆ, ದೋಷವು ಹೆಸರು ಹುಡುಕುವ ವ್ಯವಸ್ಥೆಯಲ್ಲಿದೆಯೆಂದು ಸ್ಪಷ್ಟವಾಯಿತು. 80070035 ಎಂದು ಮುಗಿಯುವ ದೋಷಸಂಖ್ಯೆಯ ಅರ್ಥ ‘ಆ ಹಾದಿ ದೊರೆಯಲಿಲ್ಲ’ ಎಂದಷ್ಟೇ. ಅದನ್ನು ಕಂಡು ಎದೆಗುಂದಬೇಕಾದುದಿಲ್ಲ. ಹಳೆಯ ಕೈಪಿಡಿಗಳು ‘ಹೋಮ್‌ಗ್ರೂಪ್’ ಎಂಬ ಏರ್ಪಾಡನ್ನು ಹೊಗಳುತ್ತವೆ. ವಿಂಡೋಸ್ 10ರಿಂದ ಅದನ್ನು 2018ರಲ್ಲಿಯೇ ತೆಗೆದುಹಾಕಲಾಯಿತು. ಅದನ್ನು ಹುಡುಕುತ್ತ ಸಂಜೆಯನ್ನು ಕಳೆಯುವುದು ವ್ಯರ್ಥ.

ಮೂರನೆಯ ಬಾಗಿಲು ಅನುಮತಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಣಕವು ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ, ಮಗಳು ಎಂದಿನ ನಾಲ್ಕಂಕಿಯ ಪಿನ್ ಒತ್ತುತ್ತಾಳೆ, ಗಣಕವು ನಿರಾಕರಿಸುತ್ತದೆ. ಪಿನ್ ಎಂಬುದು ಆ ಒಂದು ಯಂತ್ರದ ಎದುರು ಕುಳಿತವರಿಗೆ ಮಾತ್ರ ಸಲ್ಲುವ ಕೀಲಿಕೈ. ಜಾಲದ ಮೇಲೆ ಅದು ನಡೆಯದು. ಪಾಸ್‌ವರ್ಡನ್ನೇ ತೆಗೆದುಹಾಕಿದರೆ ಸುಲಭವಾದೀತೆಂದು ಎಣಿಸುವವರಿಗೂ ನಿರಾಶೆ ಕಾದಿದೆ. ಪಾಸ್‌ವರ್ಡ್ ಇಲ್ಲದ ಖಾತೆಯು ಜಾಲದ ಮೂಲಕ ಒಳಬರುವುದನ್ನು ವಿಂಡೋಸ್ ಸಹಜವಾಗಿ ತಡೆಯುತ್ತದೆ. ಹೊಸ ವಿಂಡೋಸ್ 11ರ ಹಲವು ಆವೃತ್ತಿಗಳು ಹೆಸರಿಲ್ಲದ ಅತಿಥಿಗಳನ್ನೂ ಒಲ್ಲವು. ಆದುದರಿಂದ ಪ್ರಿಂಟರ್ ಇರುವ ಗಣಕದಲ್ಲಿ ಹಂಚಿಕೆಗೆಂದೇ ಒಂದು ಪ್ರತ್ಯೇಕ ಖಾತೆಯನ್ನು ತೆರೆದು, ಗಟ್ಟಿಯಾದ ಪಾಸ್‌ವರ್ಡ್ ಇಡುವುದು ಮೇಲು. ಫೋಲ್ಡರಿಗೆ ಎರಡು ಬೀಗಗಳಿರುತ್ತವೆಂಬುದನ್ನೂ ತಿಳಿದಿರಬೇಕು. ಹಂಚಿಕೆಯ ಅನುಮತಿ ಒಂದು, ಫೋಲ್ಡರಿನ ಸ್ವಂತ ರಕ್ಷಣೆ ಇನ್ನೊಂದು; ಎರಡರಲ್ಲಿ ಹೆಚ್ಚು ಬಿಗಿಯಾದುದೇ ನಡೆಯುತ್ತದೆ. ಒಂದನ್ನು ತೆರೆದು ಇನ್ನೊಂದನ್ನು ಮರೆತರೆ ಬಾಗಿಲು ಮುಚ್ಚಿಯೇ ಇರುವುದು.

ಮೂರೂ ಬಾಗಿಲು ತೆರೆದ ಮೇಲೂ ಪ್ರಿಂಟರ್ ಮುನಿಸಿಕೊಂಡಿದ್ದರೆ, ಮೊದಲು ಕಾದು ಕುಳಿತ ಕೆಲಸಗಳ ಸಾಲನ್ನು ನೋಡಬೇಕು. ಒಂದು ಫೈಲು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಲ್ಲುತ್ತವೆ. ಆ ಸಾಲನ್ನು ನಡೆಯಿಸುವ ಸ್ಪೂಲರನ್ನು ಮತ್ತೆ ಚಾಲೂ ಮಾಡಿದರೆ ಹಲವು ಬಾರಿ ಸಾಕಾಗುತ್ತದೆ. ಕನ್ನಡಿಗರಿಗೆ ಮಾತ್ರ ಒದಗುವ ಒಂದು ಗೋಜೂ ಇದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಪತ್ರವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ, ಕನ್ನಡದ ಬದಲು ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಆಗ ಪ್ರಿಂಟರನ್ನು ಬಯ್ದು ಪ್ರಯೋಜನವಿಲ್ಲ. ಯೂನಿಕೋಡಿಗೆ ಪರಿವರ್ತಿಸುವುದು, ಇಲ್ಲವೆ ಬರೆದ ಗಣಕದಲ್ಲಿಯೇ ಪಿಡಿಎಫ್ ಮಾಡಿ ಕಳಿಸುವುದು ಸರಿಯಾದ ಮಾರ್ಗ.

ಇಷ್ಟೆಲ್ಲ ತಾಳ್ಮೆ ಏಕೆ, ಕಾವಲನ್ನು ತೆಗೆದು ಎಲ್ಲವನ್ನೂ ಎಲ್ಲರಿಗೂ ತೆರೆದರಾಯಿತಲ್ಲ ಎನ್ನುವವರು 2017ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಮೇ 12ರಂದು ‘ವಾನ್ನಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹೊಕ್ಕಿತು. ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ತಪಾಸಣೆಗಳೇ ರದ್ದಾದವು. ಅದು ಒಂದು ಗಣಕದಿಂದ ಇನ್ನೊಂದಕ್ಕೆ ಹರಿದದ್ದು ಇದೇ ಫೈಲು ಹಂಚಿಕೆಯ ಹಳೆಯ ಪದ್ಧತಿಯಲ್ಲಿದ್ದ ಬಿರುಕಿನಿಂದ. ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಕೊಟ್ಟಿತ್ತು. ಅದನ್ನು ಹಚ್ಚದೆ ಬಿಟ್ಟ ಗಣಕಗಳೇ ಅದರ ಬಾಯಿಗೆ ಬಿದ್ದವು. ಹಳೆಯ ಯಂತ್ರವೊಂದನ್ನು ಓಲೈಸಲು ಆ ಹಳೆಯ ಪದ್ಧತಿಯನ್ನು ಮತ್ತೆ ಜೀವಂತಗೊಳಿಸುವುದು ಇಂದಿಗೂ ಅಪಾಯವೇ.

ಪ್ರಿಂಟರಿನ ವಿಷಯದಲ್ಲಿಯೂ ಇದೇ ಪಾಠ. 2021ರ ಸೆಪ್ಟೆಂಬರಿನ ಪರಿಷ್ಕರಣೆಯ ನಂತರ 11ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆಯೊಡನೆ ಹಂಚಿದ ಪ್ರಿಂಟರುಗಳು ಎಷ್ಟೋ ಕಡೆ ನಿಂತವು. ರಕ್ಷಣೆಯನ್ನೇ ಕಿತ್ತುಹಾಕುವ ಉಪಾಯಗಳು ಆಗ ಬಾಯಿಂದ ಬಾಯಿಗೆ ಹಬ್ಬಿದವು. ಎರಡೂ ಗಣಕಗಳನ್ನು ಸಮನಾಗಿ ಪರಿಷ್ಕರಿಸಿಕೊಳ್ಳುವುದೇ ಕ್ಷೇಮಕರವಾದ ದಾರಿ. ವಿಂಡೋಸ್ 10ಕ್ಕೆ ಸಾಮಾನ್ಯ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಮುಗಿದುವೆಂಬುದನ್ನೂ ಮನೆಯ ಯಜಮಾನರು ಗಮನಿಸಬೇಕು.

ಒಂದು ಸಾಧಾರಣ ಮನೆಯ ಗಣಕದಲ್ಲಿ ಇಂದು ಏನೇನಿದೆ! ಹೊಲದ ಉತಾರ, ಮಕ್ಕಳ ಅಂಕಪಟ್ಟಿ, ಬ್ಯಾಂಕಿನ ಕಾಗದ, ತೀರಿಹೋದ ಹಿರಿಯರ ಭಾವಚಿತ್ರ. ಉತಾರದ ಪ್ರತಿಯನ್ನು ಮತ್ತೆ ಪಡೆಯಬಹುದು; ಅಜ್ಜಿಯ ಕೊನೆಯ ಚಿತ್ರವನ್ನು ಯಾವ ಕಚೇರಿಯೂ ಕೊಡಲಾರದು. ಆದುದರಿಂದ ಇಡೀ ಡಿಸ್ಕನ್ನು ಹಂಚದೆ ಒಂದೇ ಫೋಲ್ಡರನ್ನು ಹಂಚಿರಿ. ಓದಿದರೆ ಸಾಕಾದವರಿಗೆ ಬರೆಯುವ ಹಕ್ಕು ಬೇಡ. ಮುಖ್ಯವಾದುವುಗಳ ಒಂದು ಪ್ರತಿಯನ್ನು, ಗಣಕಕ್ಕೆ ಸದಾ ಜೋಡಿಸಿರದ ಬೇರೊಂದು ಡಿಸ್ಕಿನಲ್ಲಿ ತೆಗೆದಿಡಿರಿ. ಗಣಕಗಳ ಹೆಸರು, ಕಾಯ್ದಿರಿಸಿದ ವಿಳಾಸ, ಹಂಚಿದ ಫೋಲ್ಡರಿನ ಹೆಸರು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿರಿ. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿರಿ.