ಬಣ್ಣವಿಲ್ಲದ ಹಂಪ್‌ಗಳು

ಊರ ಮುಂದಿನ ರಸ್ತೆಯಲ್ಲಿ ಅಪಘಾತವಾಗಿ ಜೀವ ಹೋಗುತ್ತದೆ. ಜನ ರಸ್ತೆಗಿಳಿದು ಹಂಪ್ ಕೇಳುತ್ತಾರೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಕೊನೆಗೆ ಅಲ್ಲಿ ಬಂದು ಬೀಳುವುದು ಜಲ್ಲಿ, ಡಾಂಬರಿನ ಒಂದು ಗುಡ್ಡೆ. ಬಣ್ಣವಿಲ್ಲ, ಫಲಕವಿಲ್ಲ, ಬೀದಿದೀಪವಂತೂ ಇಲ್ಲವೇ ಇಲ್ಲ.

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಕಡೆ ಹಂಪ್‌ನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಇರಬೇಕು ಎಂದು ಅದು ಹೇಳಿತ್ತು. ಅಂದರೆ ಏರಿದ್ದು ಗೊತ್ತಾಗಬೇಕು, ಎತ್ತಿ ಹಾಕಬಾರದು. ನಮ್ಮ ಎಷ್ಟೋ ಬಡಾವಣೆಗಳಲ್ಲಿ ಎರಡಡಿ ಅಗಲಕ್ಕೇ ಅಷ್ಟೆತ್ತರ ಪೇರಿಸಿರುತ್ತಾರೆ. ಕಾರಿನ ತಳ ಉಜ್ಜಿದರೆ ಗ್ಯಾರೇಜಿನ ಖರ್ಚಿಗೆ ಮುಗಿಯಿತು. ರಾತ್ರಿ ಹೊತ್ತು ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತ ತಾಯಿಗೆ ಹಿಡಿದುಕೊಳ್ಳಲು ಏನಿದೆ? ಬೆನ್ನುಮೂಳೆ ಮುರಿದವರನ್ನು ಹೊತ್ತ ಆಂಬುಲೆನ್ಸ್ ಕೂಡ ಇದೇ ಗುಡ್ಡೆಗಳನ್ನು ಹಾಯಬೇಕು.

ಹಂಪ್‌ಗಳನ್ನು ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಶಾಲೆಯ ಮುಂದೆ ಅದು ಬೇಕೇ ಬೇಕು. ಅಳತೆ ಮೀರಿದ್ದನ್ನು ಒಡೆದು ಸರಿಯಾಗಿ ಕಟ್ಟಲಿ. ಇರುವುದಕ್ಕೆಲ್ಲ ಮಳೆಗಾಲ ಮುಗಿದ ಕೂಡಲೇ ಬಣ್ಣ ಬಳಿಯಲಿ, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ನಿಲ್ಲಿಸಲಿ. ಲೋಕೋಪಯೋಗಿ ಇಲಾಖೆಗಾಗಲಿ, ನಗರಸಭೆ, ಪಂಚಾಯಿತಿಗಳಿಗಾಗಲಿ ಇದು ದೊಡ್ಡ ಖರ್ಚಿನ ಕೆಲಸವಲ್ಲ.